ಯಾರೂ ಮುಚ್ಚದ ನಲ್ಲಿ

ಮಾರ್ಚ್ ಹನ್ನೊಂದು, ಮಂಗಳವಾರ. ದಿಬ್ಬದ ಮೇಲಿನ ಒಂಬತ್ತು ಮನೆಗಳ ಮುಂದಿನ ಕಟ್ಟೆಯಲ್ಲಿ ಇಪ್ಪತ್ಮೂರು ಕೊಡಗಳು ಬಾಯಿ ತೆರೆದು ಕುಳಿತಿದ್ದವು. ಇಪ್ಪತ್ಮೂರೂ ಖಾಲಿ. ಇಪ್ಪತ್ನಾಲ್ಕನೆಯ ಕೊಡ ದಿಬ್ಬದ ಕೆಳಗೆ, ಕ್ಲಬ್ಬಿನ ಹುಲ್ಲಿನ ಮೈದಾನದಲ್ಲಿ, ತೂಬಕ್ಕನ ಎರಡು ಕೈಗಳ ನಡುವೆ ಓರೆಯಾಗಿತ್ತು. ಸ್ಪ್ರಿಂಕ್ಲರ್ ಒಂದು ಸುತ್ತು ತಿರುಗಿ ಬಂದಾಗಲೊಮ್ಮೆ ಅದರ ಬಾಯೊಳಕ್ಕೆ ಬೊಗಸೆಯಷ್ಟು ನೀರು ಬೀಳುತ್ತಿತ್ತು. ಉಳಿದದ್ದು ಅವಳ ಮುಖಕ್ಕೆ ಬಡಿಯುತ್ತಿತ್ತು.

"ಏ ಮುದುಕಿ! ಯಾರಪ್ಪನ ಮನೆ ನೀರು ಅಂತ ಹಿಡೀತಿದೀಯ?"

ಮ್ಯಾನೇಜರು ಬ್ಯಾಟರಿ ಗಾಡಿಯಿಂದ ಇಳಿಯದೆಯೇ ಕೂಗಿದರು. ಹುಲ್ಲು ಒದ್ದೆಯಾಗಿತ್ತು; ಅವರ ಬೂಟು ಬಿಳಿಯದಾಗಿತ್ತು.

"ಸಾರ್, ಮೇಲೆ ನಲ್ಲೀಲಿ ನೀರು ಬಂದು ವಾರ ಆಗ್ತಾ ಬಂತು. ಹಸಿ ಬಾಣಂತಿ ಇದಾಳೆ..."

"ಬಾಣಂತಿ ಇದ್ರೆ ಆಸ್ಪತ್ರೇಲಿಡಿ. ಇದು ಹುಲ್ಲಿಗೆ ಬಿಟ್ಟಿರೋ ನೀರು. ನೀನು ಇಲ್ಲಿ ಕೊಡ ಅಡ್ಡ ಹಿಡಿದ್ರೆ ಆ ಕಡೆ ಹುಲ್ಲು ಒಣಗುತ್ತೆ. ಒಣಗಿದ್ರೆ ಮೆಂಬರುಗಳು ಉಗಿಯೋದು ನನ್ನ ಮುಖಕ್ಕೆ, ನಿನ್ನ ಮುಖಕ್ಕಲ್ಲ. ಸುರಿ."

"ಸಾರ್?"

"ಹಿಡಿದಿದ್ದನ್ನ ಸುರಿ ಅಂದೆ, ಕಿವುಡಿ. ಹಿಡಿದ ಜಾಗದಲ್ಲೇ ಸುರಿ."

ಕೊಡದಲ್ಲಿ ಕಾಲುಭಾಗವೂ ತುಂಬಿರಲಿಲ್ಲ. ತೂಬಕ್ಕ ಅದನ್ನು ಬಗ್ಗಿಸಿದಳು. ಹುಲ್ಲು ಸದ್ದಿಲ್ಲದೆ ಕುಡಿಯಿತು. ಗಾಡಿಯ ಹಿಂದೆ ಮೇಸ್ತ್ರಿ ನಿಂತಿದ್ದ. ಅವನು ಅವಳ ಗಂಡನ ತಮ್ಮ. ಅವಳ ಕೈತುತ್ತು ತಿಂದು ಬೆಳೆದವನು. ಕೊಡ ಬರಿದಾಗುವವರೆಗೂ ಅವನು ತಲೆ ತಗ್ಗಿಸಿ ಅಂಗೈಯಲ್ಲಿದ್ದ ಫೋನನ್ನು ನೋಡುತ್ತಿದ್ದ. ಆ ಫೋನಿನಲ್ಲಿ ಇಡೀ ಮೈದಾನದ ನೀರು ಇತ್ತು.

ತೂಬಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹತ್ತೊಂಬತ್ತು ವರ್ಷ ಆ ಮೈದಾನಕ್ಕೆ ನೀರು ಬಿಟ್ಟದ್ದಕ್ಕೆ ಜೊತೆಗಾರರು ಕೊಟ್ಟ ಹೆಸರು. ಮೈದಾನವನ್ನು ಹನ್ನೆರಡು ಜೋನುಗಳಾಗಿ ಭಾಗ ಮಾಡಿದ್ದರು. ಜೋನಿಗೊಂದರಂತೆ ನೆಲದೊಳಗೆ ವಾಲ್ವು, ವಾಲ್ವಿನ ಮೇಲೆ ಹಸಿರು ಮುಚ್ಚಳ. ಎದೆಯುದ್ದದ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿಕೊಂಡು ಬೆಳಕು ಹರಿಯುವ ಹೊತ್ತಿಗೆ ಅವಳು ಇಳಿಯುತ್ತಿದ್ದಳು. ಒಂದು ಜೋನನ್ನು ತೆರೆದು, ಅದು ನೆನೆದ ಮೇಲೆ ಮುಂದಿನದನ್ನು ತೆರೆದು ಹಿಂದಿನದನ್ನು ಮುಚ್ಚಬೇಕು. ಒಮ್ಮೆಗೆ ಒಂದೇ. ಪಂಪಿಗೆ ಒಂದು ಜೋನು ಭಾರವಲ್ಲ. ಅದನ್ನು ಕುಣಿಸಿ ಮಿಕ್ಕ ಬಲದಲ್ಲಿ ನೀರು ದಿಬ್ಬವನ್ನು ಏರಿ ಒಂಬತ್ತು ಮನೆಗಳ ತೊಟ್ಟಿಗೆ ಬೀಳುತ್ತಿತ್ತು. ಮೈದಾನ ನೆನೆದು ಮುಗಿಯುವಷ್ಟರಲ್ಲಿ ತೊಟ್ಟಿ ತುಂಬಿರುತ್ತಿತ್ತು. ಹುಲ್ಲು ಉಂಡು ಉಳಿದದ್ದು ಇವರಿಗೆ.

ಆ ದಿಬ್ಬದ ಪೈಪನ್ನು ಹೂತವನು ಅವಳ ಗಂಡ. "ತಗೊಳ್ರೋ, ಯಾರು ಬೇಡ ಅಂದ್ರು" ಎಂದು ಆಗಿನ ಮ್ಯಾನೇಜರು ಬಾಯಿಮಾತಿನಲ್ಲಿ ಒಪ್ಪಿದ್ದರು. ರಜೆಯ ದಿನಗಳಲ್ಲಿ ಅಗೆದು, ಪೈಪಿಗೆ ಪೈಪು ಜೋಡಿಸಿ, ಮೇಲೆ ಮಣ್ಣು ಮುಚ್ಚಿದರು. ಕೀಲುಗಳಿಗೆಲ್ಲ ಅಂಟು ಹಚ್ಚಿದವನು ಅವಳ ಮೈದುನ. ಆಗ ಅವನ ಬೆರಳುಗಳು ಇನ್ನೂ ಪೈಪಿನ ಬಾಯೊಳಗೆ ಹೋಗುವಷ್ಟು ಸಣ್ಣವಿದ್ದವು. ಆಮೇಲೆ ಗಂಡ ಹುಲ್ಲಿಗೆ ಔಷಧಿ ಹೊಡೆದು ಹೊಡೆದು ಎದೆಯನ್ನು ಸುಟ್ಟುಕೊಂಡು ಸತ್ತ. ಒಪ್ಪಿಗೆ ಕೊಟ್ಟ ಮ್ಯಾನೇಜರು ಬೇರೆ ದೇಶಕ್ಕೆ ಹೋದರು. ಪೈಪು ಮಣ್ಣಿನಡಿ ಉಳಿಯಿತು.

ವಾಲ್ವುಗಳನ್ನು ತಾನೇ ತೆರೆದು ಮುಚ್ಚುವ ಕಂಟ್ರೋಲರ್ ಪೆಟ್ಟಿಗೆ ಬರುವ ಸುದ್ದಿ ತಂದವನೂ ಮೈದುನನೇ. ಅಷ್ಟರಲ್ಲಿ ಅವನು ಮೇಸ್ತ್ರಿಯಾಗಿದ್ದ. ಸಂಜೆ ಒಂಬತ್ತು ಮನೆಯವರನ್ನೂ ಕಟ್ಟೆಯ ಬಳಿ ಕೂರಿಸಿಕೊಂಡು ಹೇಳಿದ:

"ನಾಳೆ ಕಂಪನಿ ಇಂಜಿನಿಯರ್ ಬರ್ತಾನೆ. ಹನ್ನೆರಡು ಜೋನಿಗೂ ತಂತಿ ಎಳೆದು ಪೆಟ್ಟಿಗೆಗೆ ಸೇರಿಸ್ತಾನೆ. ಅವನ ಹತ್ರ ಮೇಲಿನ ಪೈಪಿನ ಸುದ್ದಿ ಯಾರೂ ಎತ್ತಬೇಡಿ."

"ಯಾಕೋ?" ಎಂದಳು ಪಕ್ಕದ ಮನೆಯ ಬಾಯಮ್ಮ. ಬಾಯಿ ಜೋರಿದ್ದುದರಿಂದ ಅವಳಿಗೆ ಆ ಹೆಸರು.

"ಎತ್ತಿದ್ರೆ ಅದನ್ನೂ ಪೆಟ್ಟಿಗೆಗೆ ಹಾಕ್ತಾನೆ. ಹಾಕಿದ ಮೇಲೆ ಒಂದು ಗುಂಡಿ ಒತ್ತಿದ್ರೆ ಮುಗೀತು, ನಿಮ್ಮ ನಲ್ಲಿ ಬಂದ್. ಪೆಟ್ಟಿಗೆಗೆ ಗೊತ್ತಿಲ್ಲದ್ದನ್ನ ಪೆಟ್ಟಿಗೆ ಹೆಂಗೆ ಮುಚ್ಚುತ್ತೆ?"

ಕುಳಿತವರೆಲ್ಲ ತಲೆದೂಗಿದರು. ಬಾಯಮ್ಮ ಕೂಡ "ಪರವಾಗಿಲ್ಲ ಕಣೋ, ನಿನ್ನ ತಲೇಲೂ ಜೇಡಿಮಣ್ಣಲ್ಲದೆ ಬೇರೆ ಏನೋ ಇದೆ" ಎಂದಳು. ಮೈದುನ ನಕ್ಕ. ತೂಬಕ್ಕನಿಗೆ ಹೆಮ್ಮೆಯಾಯಿತು, ಆ ರಾತ್ರಿ ಅವನ ತಟ್ಟೆಗೆ ಒಂದು ಸೌಟು ಹೆಚ್ಚು ಬಡಿಸಿದಳು.

ಇಂಜಿನಿಯರ್ ಇನ್ನೂ ಮೀಸೆ ಬಲಿಯದ ಹುಡುಗ. ವಾಲ್ವುಗಳನ್ನು ಬದಲಿಸಿದ ದಿನಗಳಲ್ಲಿ ಅವನ ಸಾಮಾನುಗಳನ್ನು ಹೊತ್ತು ಹಿಂದೆ ನಡೆದವಳು ತೂಬಕ್ಕ. ಕೊನೆಯ ದಿನ ಮುಚ್ಚಳವೊಂದನ್ನು ಎತ್ತಿ, ಹೊಸ ವಾಲ್ವಿನ ತಲೆಯ ಮೇಲಿನ ಕಪ್ಪು ತಿರುಪನ್ನು ತೋರಿಸಿದ.

"ಅಮ್ಮಾ, ಪೆಟ್ಟಿಗೆ ಕೆಟ್ರೆ ಗಾಬರಿಯಾಗ್ಬೇಡಿ. ಇದನ್ನ ಕೈಯಿಂದ ಕಾಲು ಸುತ್ತು ತಿರುಗಿಸಿ, ವಾಲ್ವು ತೆರ್ಕೊಳ್ಳುತ್ತೆ. ಇದಕ್ಕೆ ಕರೆಂಟೂ ಬೇಡ, ಫೋನೂ ಬೇಡ."

"ಆಮೇಲೆ ಪೆಟ್ಟಿಗೆ ಮುಚ್ಚುತ್ತಾ?"

"ಇಲ್ಲ. ಕೈಯಿಂದ ತೆಗೆದಿದ್ದನ್ನ ಕೈಯೇ ಮುಚ್ಚಬೇಕು."

ಅವಳ ಕಬ್ಬಿಣದ ಕೀಲಿಯನ್ನು ಮೇಸ್ತ್ರಿ ಉಗ್ರಾಣಕ್ಕೆ ಒಯ್ದ. ಅವಳನ್ನು ಹುಲ್ಲು ಹಾಸುವ ಕೆಲಸಕ್ಕೆ ಹಾಕಿದರು.

ಮೊದಲ ಎರಡು ವಾರ ಪೆಟ್ಟಿಗೆ ಒಂದೊಂದೇ ಜೋನನ್ನು ಕುಣಿಸಿತು. ತೊಟ್ಟಿ ಎಂದಿನಂತೆ ತುಂಬಿತು. ಬಾಯಮ್ಮ ನಲ್ಲಿಯ ತಲೆ ತಟ್ಟಿ, "ಕಳ್ಳ ನನ್ ಮಗನೆ, ಪೆಟ್ಟಿಗೆ ಕಣ್ಣಿಗೆ ಮಣ್ಣೆರಚಿಬಿಟ್ಯಲ್ಲೋ" ಎಂದು ಮುದ್ದಿಸಿದಳು.

ಆಮೇಲೆ ಒಂದು ಬೆಳಿಗ್ಗೆ ನಾಲ್ಕು ಜೋನುಗಳು ಒಟ್ಟಿಗೆ ಎದ್ದವು.

ಮೇಲಿನಿಂದ ನೋಡಲು ಅದು ಚೆನ್ನಾಗಿಯೇ ಇತ್ತು. ಮೈದಾನದ ಮೂರನೆಯ ಒಂದು ಭಾಗ ಏಕಕಾಲಕ್ಕೆ ಬೆಳ್ಳಗಾಯಿತು. ಆ ನಾಲ್ಕು ಮಲಗಿದವು, ಮತ್ತೆ ನಾಲ್ಕು ಎದ್ದವು. ಮೆಂಬರುಗಳು ಆಡಲು ಬರುವ ಹೊತ್ತಿಗೆ ಹುಲ್ಲು ನೆನೆದು ಒಣಗಿಯೂ ಆಗಿತ್ತು. ಕಟ್ಟೆಯ ಮೇಲಿನ ನಲ್ಲಿ ಎರಡು ಸಲ ಗೊರಕೆ ಹೊಡೆದು, ಒಂದು ಗುಟುಕು ಗಾಳಿ ಕಕ್ಕಿ ಸುಮ್ಮನಾಯಿತು. ಯಾರೂ ಅದನ್ನು ಮುಚ್ಚಿರಲಿಲ್ಲ. ಇದ್ದ ಬಲವೊಂದನ್ನು ನಾಲ್ಕರಿಂದ ಭಾಗಿಸಿದಾಗ ದಿಬ್ಬದ ಪಾಲಿಗೆ ಶೇಷ ಉಳಿಯಲಿಲ್ಲ.

"ಒಂದೆರಡು ದಿನ ತಡೀರಿ ಅತ್ತಿಗೆ, ಸರಿ ಮಾಡಿಸ್ತೀನಿ" ಎಂದ ಮೈದುನ. ಎರಡು ದಿನ ಕಳೆದ ಮೇಲೆ "ಪೆಟ್ಟಿಗೆ ಕಲೀತಾ ಇದೆ" ಎಂದ.

"ಅದು ಕಲಿಯೋದ್ರಲ್ಲಿ ನಾವು ಕಲ್ತುಬಿಡ್ತೀವಿ, ನೀರಿಲ್ಲದೆ ಬದುಕೋದು" ಎಂದಳು ಬಾಯಮ್ಮ.

ಹೆದ್ದಾರಿಯಾಚೆಯ ಪೆಟ್ರೋಲ್ ಬಂಕಿನವನು ತಲೆಗೊಂದು ಕೊಡ ಕೊಡುತ್ತಿದ್ದ, ಅದೂ ಅವನ ಯಜಮಾನ ಇಲ್ಲದ ಹೊತ್ತಿನಲ್ಲಿ. ಉಳಿದದ್ದನ್ನು ಮೈದಾನದ ಅಂಚಿನ ಕೊಳದಿಂದ ಹೊತ್ತರು. ಹುಲ್ಲಿಗೆ ಹೊಡೆದ ಔಷಧಿಯೆಲ್ಲ ತೊಳೆದು ಇಳಿಯುವುದು ಆ ಕೊಳಕ್ಕೇ. ಕುದಿಸಿದರೂ ಮೇಲೆ ಬಣ್ಣದ ಕೆನೆ ಕಟ್ಟುತ್ತಿತ್ತು. ಬಾಯಮ್ಮನ ಸೊಸೆ, ಹಸಿ ಬಾಣಂತಿ, ಅದನ್ನೇ ಕುಡಿದು ಜ್ವರ ಹಿಡಿದು ಮಲಗಿದಳು. ಎದೆಯ ಹಾಲು ಬತ್ತಿತು. ಮಗುವಿನ ಅಳು ಮೊದಲು ಜೋರಾಗಿತ್ತು, ಆಮೇಲೆ ಸಣ್ಣಗಾಯಿತು. ಸಣ್ಣಗಾದದ್ದೇ ಎಲ್ಲರನ್ನೂ ಹೆದರಿಸಿತು.

ಮಂಗಳವಾರ ಕೊಡವನ್ನು ಸುರಿದು ಬಂದ ತೂಬಕ್ಕ ಒದ್ದೆ ಸೆರಗನ್ನೂ ಬದಲಿಸಲಿಲ್ಲ. ಬಾಯಮ್ಮನನ್ನು ಕರೆದುಕೊಂಡು ಮ್ಯಾನೇಜರ ಕಚೇರಿಗೆ ಹೋದಳು. ಗಾಜಿನ ಬಾಗಿಲಿನೊಳಗೆ ಇಂಜಿನಿಯರ್ ಹುಡುಗನೂ ಕುಳಿತಿದ್ದ. ಭಾನುವಾರ ಸಂಜೆ ಮೆಂಬರುಗಳಿಗೆಲ್ಲ ಹೊಸ ಯಂತ್ರವನ್ನು ತೋರಿಸುವ ಕಾರ್ಯಕ್ರಮವಿತ್ತು. ಅದರ ತಯಾರಿಗೆ ಬಂದಿದ್ದ.

"ಚಪ್ಪಲಿ ಆಚೆ. ಅಲ್ಲೇ ನಿಂತು ಹೇಳಿ. ನೆಲ ಒರೆಸಿದಾರೆ" ಎಂದರು ಮ್ಯಾನೇಜರು.

ಅವರಿಬ್ಬರ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹೊಸ್ತಿಲಲ್ಲೇ ನಿಂತು ತೂಬಕ್ಕ ಹೇಳಿದಳು. ಬಚ್ಚಿಟ್ಟದ್ದನ್ನು ಇನ್ನು ಬಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಗಂಡ ಹೂತ ಪೈಪು, ಒಪ್ಪಿದ ಮ್ಯಾನೇಜರು, ತುಂಬುತ್ತಿದ್ದ ತೊಟ್ಟಿ ಎಲ್ಲವನ್ನೂ ಹೇಳಿದಳು. "ಮೊದಲಿನ ಹಂಗೆ ಒಂದೊಂದೇ ಬಿಟ್ರೆ ಸಾಕು ಸಾರ್. ನಮಗೆ ಬೇರೆ ಏನೂ ಬೇಡ."

ಇಂಜಿನಿಯರ್ ತಲೆಯೆತ್ತಿದ. "ನಾನು ಮೊದಲನೇ ದಿನಾನೇ ಕೇಳಿದ್ದೆನಲ್ಲ ಸಾರ್? ಎತ್ತರಕ್ಕೆ ಹತ್ತೋ ಲೈನ್ ಏನಾದ್ರೂ ಇದ್ಯಾ, ಇದ್ರೆ ನಾಲ್ಕು ಒಟ್ಟಿಗೆ ಬಿಡೋದು ಬೇಡ, ಅದಕ್ಕೆ ನೀರು ಹತ್ತಲ್ಲ ಅಂತ. ನಿಮ್ಮ ಮೇಸ್ತ್ರಿ ಇಲ್ಲ ಅಂದ್ರು. ಹೋದ ವಾರ ಮತ್ತೆ ಕೇಳ್ದೆ. ಆಗಲೂ ಇಲ್ಲ ಅಂದ್ರು. ಅದಕ್ಕೇ ಹಾಗೆ ಹಾಕಿದ್ದು."

ತೂಬಕ್ಕನ ಕಿವಿಯಲ್ಲಿ ಪಂಪಿನ ಸದ್ದಿನಂಥದ್ದು ಏನೋ ಶುರುವಾಯಿತು. ದಿಬ್ಬದವರಿಗೆ "ಹೇಳಬೇಡಿ" ಎಂದವನು, ಕೇಳಿದವರಿಗೆ "ಇಲ್ಲ" ಎಂದಿದ್ದ. ಒಂದೇ ಬಾಯಿ, ಎರಡು ಕಡೆಗೆ ಎರಡು ಮುಚ್ಚಳ.

"ಕರೀರಿ ಅವನನ್ನ" ಎಂದರು ಮ್ಯಾನೇಜರು.

ಮೇಸ್ತ್ರಿ ಬಂದ. ಅತ್ತಿಗೆಯನ್ನು ದಾಟಿಕೊಂಡೇ ಒಳಗೆ ಹೋಗಬೇಕಿತ್ತು. ಮೈ ತಾಗದಂತೆ ಓರೆಯಾಗಿ ದಾಟಿದ.

"ದಿಬ್ಬದ ಮೇಲಕ್ಕೆ ನಮ್ಮ ಪೈಪು ಹೋಗಿದ್ಯೇನೋ?"

"ಇಲ್ಲ ಸಾರ್."

"ನಿಮ್ಮತ್ತಿಗೆ ಇದೆ ಅಂತಾಳೆ. ನಿಮ್ಮಣ್ಣನೇ ಹೂತಿದ್ದಂತೆ."

"ನಾನು ಕಂಡಿಲ್ಲ ಸಾರ್." ಅವನು ಗೋಡೆಯ ಮೇಲಿನ ಮೈದಾನದ ಚಿತ್ರವನ್ನು ನೋಡಿದ. "ಅವರಿಗೆ ವಯಸ್ಸಾಗಿದೆ."

"ಲೋ!" ಎಂದಳು ಬಾಯಮ್ಮ. ತೂಬಕ್ಕ ಅವಳ ರಟ್ಟೆ ಹಿಡಿದಳು.

ಮ್ಯಾನೇಜರ ದನಿ ಮೆತ್ತಗಾಯಿತು. "ಕೇಳಿಸ್ತೇನಮ್ಮ? ನಾವೇನೂ ಮುಚ್ಚಿಲ್ಲ. ಇಲ್ಲದ ನಲ್ಲೀನ ಯಾರಾದ್ರೂ ಮುಚ್ಚೋಕಾಗುತ್ತಾ? ನಮ್ಮ ಜೋನುಗಳನ್ನ ನಾವು ಒಟ್ಟಿಗೆ ತೆಗೆದಿದೀವಿ, ಅಷ್ಟೆ. ತೆಗೆಯೋದೂ ತಪ್ಪಾ? ನೀರಿಲ್ಲ ಅಂದ ಮೇಲೆ ಆ ದಿಬ್ಬದ ಮೇಲೆ ಯಾಕೆ ಒದ್ದಾಡ್ತೀರಿ? ನೀರಿರೋ ಕಡೆ ಹೋಗಿ. ಯಾರೂ ನಿಮ್ಮನ್ನ ಹಿಡ್ಕೊಂಡಿಲ್ಲ."

ಹೊರಗೆ ಬಂದ ಮೇಲೆ ಬಾಯಮ್ಮನ ಬಾಯಿ ಕಟ್ಟೆ ಒಡೆಯಿತು. "ಬೋಳಿಮಗ! ಉಂಡ ಮನೆಗೆ ಎರಡು ಬಗೆದ ನಾಯಿ! ನಿನ್ನೆ ಕ್ಲಬ್ಬಿನವರು ಟೇಪು ಹಿಡ್ಕೊಂಡು ಬಂದು ನಮ್ಮ ಅಂಗಳ ಅಳೆದ್ರಲ್ಲ, ಕಾರು ನಿಲ್ಸೋಕಂತೆ. ಅವನ ಹೆಂಡ್ತಿ ತವರಿಗೆ ಅಂತ ಟ್ರಂಕು ಹೊರಿಸ್ಕೊಂಡು ಹೋದಳಲ್ಲ, ಯಾವ ತವರು? ಗೇಟಿನ ಪಕ್ಕ ಕ್ಲಬ್ಬು ಕೊಟ್ಟ ಹೊಸ ಮನೆ. ಎರಡು ಕೋಣೆ, ಒಳಗೇ ನಲ್ಲಿ. ನಾನೇ ಕಣ್ಣಾರೆ ಕಂಡೆ. ನಿನಗೆ ಹೇಳೋಕೆ ಬಾಯಿ ಬರ್ಲಿಲ್ಲ, ಅಕ್ಕ. ಕೊಡಲಿ ಕಾವು ಕುಲಕ್ಕೆ ಮೂಲ ಅಂತ ಸುಮ್ನೆ ಅಂದ್ರಾ?"

"ಬೈಬೇಡ. ಬಾಯಿ ಒಣಗುತ್ತೆ. ತೇವ ಮಾಡ್ಕೊಳ್ಳೋಕೆ ಮನೇಲಿ ನೀರಿಲ್ಲ."

"ಹಾರೆ ತಗೊಂಡು ಅಗೆದು ತೋರ್ಸೋಣ, ಬಾ. ಇದ್ಯೋ ಇಲ್ವೋ ನೋಡ್ಲಿ ಮುಂಡೇವು."

"ತೋರ್ಸಿದ್ರೆ ಕದ್ದು ಹಾಕ್ಕೊಂಡಿದ್ದು ಅಂತಾರೆ. ಪೊಲೀಸ್ರನ್ನ ಕರೀತಾರೆ. ಕೊಟ್ಟವರು ಇಲ್ಲ, ಹೂತವನು ಇಲ್ಲ. ಕಂಡವನು ಅಂತ ಇದ್ದಿದ್ದು ಅವನೊಬ್ಬನೇ."

ಅವಳು ಅತ್ತಳೋ ಇಲ್ಲವೋ ಬಾಯಮ್ಮನಿಗೆ ತಿಳಿಯಲಿಲ್ಲ. ಸ್ಪ್ರಿಂಕ್ಲರ್ ನೀರು ಮುಖದ ಮೇಲೆ ಇನ್ನೂ ಪೂರ್ತಿ ಆರಿರಲಿಲ್ಲ.

ಗುರುವಾರ ಎರಡು ಮನೆಯವರು ಹೊರಡಲೆಂದು ಗಂಟು ಕಟ್ಟಿಟ್ಟರು. ಶುಕ್ರವಾರ ಮ್ಯಾನೇಜರು ಹುಲ್ಲು ಹಾಸುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ಅಪ್ಪಣೆ ಮಾಡಿದರು: ಭಾನುವಾರ ಮೈದಾನದಲ್ಲಿ ಒಂದು ಬೋಳು ತೇಪೆ ಕಾಣಿಸಕೂಡದು. ಆ ಹಸಿರು ಮುಚ್ಚಳಗಳು ಕಜ್ಜಿಯ ಹಾಗೆ ಅಸಹ್ಯವಾಗಿ ಕಾಣುತ್ತವೆ. ಅವುಗಳ ಮೇಲೂ ಹುಲ್ಲು ಹಾಸಿಬಿಡಬೇಕು. ಬೂಟುಗಳು ಒದ್ದೆಯಾಗದಂತೆ ಭಾನುವಾರ ಬೆಳಿಗ್ಗೆ ನೀರು ಬಿಡುವುದಿಲ್ಲ. ಸಂಜೆ, ಎಲ್ಲರ ಎದುರಿಗೆ, ಒಮ್ಮೆಗೇ.

"ಹನ್ನೆರಡೂ ಮುಚ್ಚಳದ ಮೇಲಾ ಸಾರ್?" ಎಂದು ತೂಬಕ್ಕ ಕೇಳಿದಳು.

"ಹನ್ನೆರಡೂ. ಎಲ್ಲಿದ್ವು ಅಂತ ನನಗೇ ಗೊತ್ತಾಗಬಾರದು."

"ಆಯ್ತು ಸಾರ್."

ಶನಿವಾರ ಮಧ್ಯಾಹ್ನ ಉರಿಬಿಸಿಲಿನಲ್ಲಿ, ಎಲ್ಲರ ಕಣ್ಣೆದುರಿಗೆ, ಆ ಕೆಲಸ ನಡೆಯಿತು. ದಿಬ್ಬದ ಹೆಂಗಸರು ಮುಚ್ಚಳಕ್ಕೊಬ್ಬರಂತೆ ಮಂಡಿಯೂರಿದರು. ಮುಚ್ಚಳವನ್ನೆತ್ತಿ, ಒಳಗೆ ಬಿದ್ದ ಮಣ್ಣನ್ನು ಬಳಿದು ತೆಗೆದು, ಕಪ್ಪು ತಿರುಪನ್ನು ಕಾಲು ಸುತ್ತು ತಿರುಗಿಸಿ, ಮುಚ್ಚಳವಿಟ್ಟು, ಮೇಲೆ ಹುಡಿಮಣ್ಣು ಹರಡಿ, ಬೇರು ಸಮೇತ ಕೊಯ್ದು ತಂದ ಹುಲ್ಲಿನ ಹಾಳೆಯನ್ನು ಹಾಸಿದರು. ಅಂಚಿಗೆ ಅಂಚು ಕೂಡಿಸಿ, ಬೆರಳಿನಿಂದ ಒತ್ತಿ, ಅಂಗೈಯಿಂದ ತಟ್ಟಿದರು. ಹುಲ್ಲು ಹಾಸಿ ಬದುಕುವ ಕೈಗಳು, ಹೊಲಿಗೆ ಕಾಣಿಸಲಿಲ್ಲ. ಪಂಪು ಮಲಗಿದ್ದರಿಂದ ಒಂದು ತೊಟ್ಟೂ ಹೊರಗೆ ಬರಲಿಲ್ಲ.

ಕೊನೆಯ ಮುಚ್ಚಳದ ಬಳಿ ತೂಬಕ್ಕ ಇದ್ದಳು. ಮೇಸ್ತ್ರಿಯ ನೆರಳು ಅವಳ ಕೈಯ ಮೇಲೆ ಬಿತ್ತು.

"ಎಲ್ಲ ಆಯ್ತಾ ಅತ್ತಿಗೆ?"

"ಇದೊಂದು ಇದೆ." ಅವಳು ತಲೆಯೆತ್ತಲಿಲ್ಲ. "ಮರಿ, ನಿಮ್ಮಣ್ಣ ಹೂತ ಪೈಪು ಎಲ್ಲಿಂದ ಹೊರಟಿದೆ, ನಿನಗೆ ನೆನಪಿದ್ಯಾ?"

ಅವನ ನೆರಳಿನ ತಲೆ ಆಚೀಚೆ ತಿರುಗಿತು. ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿರಬೇಕು.

"ಈಗ ಯಾಕೆ ಆ ಮಾತು? ಭಾನುವಾರ ಒಂದು ಕಳೀಲಿ."

"ಹಂಗೇ ಆಗ್ಲಿ" ಎಂದಳು. ನೆರಳು ಸರಿದ ಮೇಲೆ ತಿರುಪನ್ನು ತಿರುಗಿಸಿದಳು.

ಭಾನುವಾರ ಸಂಜೆ ಮೈದಾನದ ಅಂಚಿನಲ್ಲಿ ಕುರ್ಚಿಗಳು ತುಂಬಿದವು. ಮೆಂಬರುಗಳ ಕೈಯಲ್ಲಿ ಐಸು ಹಾಕಿದ ಗ್ಲಾಸುಗಳಿದ್ದವು. ಕೆಲಸದವರಿಗೆಲ್ಲ ಒಗೆದ ಸಮವಸ್ತ್ರ ಹಾಕಿಸಿ ಬೇಲಿಯ ಬದಿಗೆ ನಿಲ್ಲಿಸಿದ್ದರು; ಆ ಬಟ್ಟೆ ಒಗೆದದ್ದು ಕೊಳದ ನೀರಿನಲ್ಲಿ. ಮ್ಯಾನೇಜರು ಮೈಕು ಹಿಡಿದು, ಮೊದಲು ಇಡೀ ಬೆಳಗ್ಗೆ ಹಿಡಿಯುತ್ತಿದ್ದ ಕೆಲಸ ಈಗ ಎಷ್ಟು ಚುರುಕಾಗಿದೆ, ಎಷ್ಟು ಕೈಗಳು ಉಳಿದಿವೆ ಎಂದು ವಿವರಿಸಿದರು. "ಒಂದೇ ಬೆರಳು ಸಾಕು" ಎಂದು ಮೇಸ್ತ್ರಿಗೆ ಸನ್ನೆ ಮಾಡಿದರು.

ಮೇಸ್ತ್ರಿ ಫೋನನ್ನು ಒತ್ತಿದ. ಪಂಪು ಗುಡುಗಿತು.

ಸ್ಪ್ರಿಂಕ್ಲರ್‌ಗಳು ತಲೆ ಎತ್ತಿದವು. ನಾಲ್ಕು ಜೋನುಗಳದ್ದಲ್ಲ, ಹನ್ನೆರಡು ಜೋನುಗಳವೂ, ಇಡೀ ಮೈದಾನದ ಉದ್ದಗಲಕ್ಕೂ ಎತ್ತಿದವು. ಆದರೆ ಬೆರಳುದ್ದ ಮಾತ್ರ. ಅಲ್ಲಿಂದ ಮೇಲೇಳಲಾರದೆ, ಮಲಗಲೂ ಆಗದೆ, ನಿಂತಲ್ಲೇ ಜೊಲ್ಲು ಸುರಿಸತೊಡಗಿದವು.

ಯಾರೋ ಒಬ್ಬರು ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಇಳಿಸಿದರು. ಮುಂದಿನ ಸಾಲಿನ ದಪ್ಪನೆಯ ಹಿರಿಯ ಮೆಂಬರು ಗ್ಲಾಸನ್ನು ಹೊಟ್ಟೆಯ ಮೇಲಿಟ್ಟುಕೊಂಡು, "ಏನ್ರೀ ಮ್ಯಾನೇಜರೇ, ನಿಮ್ಮ ಯಂತ್ರಕ್ಕೂ ನನ್ನಷ್ಟೇ ವಯಸ್ಸಾಯ್ತಾ? ನನ್ನದೂ ಹಿಂಗೇ, ಹನಿ ಹನಿ!" ಎಂದರು. ಕುರ್ಚಿಗಳೆಲ್ಲ ನಕ್ಕವು.

ಮ್ಯಾನೇಜರು ಮೇಸ್ತ್ರಿಯ ಕೈಯಿಂದ ಫೋನನ್ನು ಕಿತ್ತುಕೊಂಡರು. ಅದರಲ್ಲಿ ನಾಲ್ಕು ಹಸಿರು ಗುರುತುಗಳು ಬೆಳಗುತ್ತಿದ್ದವು. ಎಲ್ಲವೂ ಸರಿಯಾಗಿದೆ ಎಂದಿತ್ತು.

"ಯಾವನೋ ಅವನು ಮುಚ್ಚಿದ್ದು?" ಮೈಕು ಬಂದ್ ಆಗಿರಲಿಲ್ಲ, ಮಾತು ಮೈದಾನವನ್ನೆಲ್ಲ ಸುತ್ತಿತು.

ಇಂಜಿನಿಯರ್ ಓಡಿಹೋಗಿ ಪೆಟ್ಟಿಗೆಯನ್ನು ನೋಡಿ ಬಂದ. "ಯಾರೂ ಮುಚ್ಚಿಲ್ಲ ಸಾರ್. ಪೆಟ್ಟಿಗೆ ಚೆನ್ನಾಗಿದೆ. ಹನ್ನೆರಡೂ ತೆರೆದಿವೆ, ಕೈಯಿಂದ ತೆರೆದಿದಾರೆ. ಅದಕ್ಕೇ ಒತ್ತಡ ಹಂಚಿಹೋಗಿದೆ." ಅವನು ಬೇಲಿಯ ಕಡೆ ನೋಡಿದ. ತೂಬಕ್ಕನ ಮುಖದ ಮೇಲೆ ಒಂದು ಗಳಿಗೆ ಕಣ್ಣು ನಿಂತಿತು. ಆಮೇಲೆ ತನ್ನ ಬೂಟನ್ನು ನೋಡಿಕೊಂಡ.

"ಹಾಗಾದ್ರೆ ಮುಚ್ಚು!"

"ಇಲ್ಲಿಂದ ಆಗಲ್ಲ ಸಾರ್. ವಾಲ್ವಿನ ಹತ್ತಿರಾನೇ ಹೋಗಿ ಮುಚ್ಚಬೇಕು. ನಕ್ಷೇಲಿ ಜೋನುಗಳಷ್ಟೇ ಇವೆ. ಮುಚ್ಚಳಗಳು ಎಲ್ಲಿವೆ?"

ಮ್ಯಾನೇಜರು ಮೈದಾನವನ್ನು ನೋಡಿದರು. ಈ ತುದಿಯಿಂದ ಆ ತುದಿಗೆ ಹುಲ್ಲು, ಒಂದು ತೇಪೆ ಇಲ್ಲ, ಒಂದು ಗೆರೆ ಇಲ್ಲ. ಅವರು ಕೇಳಿದಂತೆಯೇ ಇತ್ತು.

ತೂಬಕ್ಕ ಸಾಲಿನಿಂದ ಎರಡು ಹೆಜ್ಜೆ ಮುಂದೆ ಬಂದಳು. ಹುಲ್ಲಿನ ಮೇಲೆ ಕಾಲಿಡಲಿಲ್ಲ.

"ನಾವೇನೂ ಮುಚ್ಚಿಲ್ಲ ಸಾರ್" ಎಂದಳು. "ಎಲ್ಲ ಒಟ್ಟಿಗೆ ತೆಗೆದಿದೀವಿ, ಅಷ್ಟೆ. ತೆಗೆಯೋದೂ ತಪ್ಪಾ?"

"ನಾಳೆಯಿಂದ ಗೇಟಿನೊಳಗೆ ಕಾಲಿಟ್ರೆ ಕಾಲು ಮುರೀತೀನಿ, ದರಿದ್ರ ಮುಂಡೆ! ನೀನೂ ನಿನ್ನ ಹಿಂಡೂ!"

"ಆಯ್ತು ಸಾರ್" ಎಂದಳು. ಅವಳ ಹಿಂದೆ ಇಡೀ ಸಾಲು ತಿರುಗಿ ದಿಬ್ಬ ಹತ್ತಿತು.

ದೀಪ ಹಚ್ಚುವ ಹೊತ್ತಿಗೆ ಮೈದುನ ಒಬ್ಬನೇ ಬಂದ. ದಿಬ್ಬವನ್ನು ಓಡುತ್ತಾ ಏರಿದ್ದನೇನೋ, ಅಂಗಿ ಬೆನ್ನಿಗೆ ಅಂಟಿತ್ತು. ಕಟ್ಟೆಯ ಸುತ್ತ ಕುಳಿತವರು ಯಾರೂ "ಬಾ" ಎನ್ನಲಿಲ್ಲ, ಜಾಗವನ್ನೂ ಬಿಡಲಿಲ್ಲ. ಅವನು ನೇರವಾಗಿ ತೂಬಕ್ಕನ ಮನೆಯೊಳಗೆ ನುಗ್ಗಿದ. ಬಾಗಿಲ ಮೂಲೆಯಲ್ಲಿ ನೀರಿನ ಕೊಡ ಅದೇ ಜಾಗದಲ್ಲಿತ್ತು. ಶಾಲೆಯಿಂದ ಓಡಿಬಂದ ದಿನಗಳಲ್ಲಿ ಮಾಡುತ್ತಿದ್ದಂತೆ, ಕೇಳದೆ, ನೋಡದೆ, ಮುಚ್ಚಿದ್ದ ತಟ್ಟೆಯನ್ನು ಸರಿಸಿ ಲೋಟವನ್ನು ಅದ್ದಿದ. ಲೋಟ ತಳಕ್ಕೆ ತಾಗಿ ಕರಕರ ಎಂದಿತು. ಅದಕ್ಕೂ ಅವನು ಗಮನ ಕೊಡಲಿಲ್ಲ. ಕೊಡವನ್ನು ಓರೆ ಮಾಡಿ, ಇದ್ದದ್ದನ್ನು ಬಳಿದು ತುಂಬಿಸಿಕೊಂಡು, ಹೊಸ್ತಿಲಲ್ಲಿ ನಿಂತು ಗಟಗಟ ಕುಡಿಯತೊಡಗಿದ.

ಅದು ಪೆಟ್ರೋಲ್ ಬಂಕಿನಿಂದ ಬಂದ ಕೊನೆಯ ಲೋಟ. ಬಾಣಂತಿ ಎದ್ದಾಗ ಕೊಡಲೆಂದು ತೆಗೆದಿಟ್ಟದ್ದು. ಬಾಯಮ್ಮ ಎದ್ದು ನಿಂತಳು. ತೂಬಕ್ಕ ಬೇಡವೆಂಬಂತೆ ಕೈ ಅಡ್ಡ ಹಿಡಿದಳು.

"ಅತ್ತಿಗೆ," ಎಂದ ಅವನು, ಲೋಟದ ಮೇಲಿನಿಂದಲೇ. "ಮುಚ್ಚಳ ಎಲ್ಲಿವೆ ಹೇಳಿಬಿಡಿ. ಸರಳು ಚುಚ್ಚಿ ಹುಡುಕಿದ್ರೆ ಹುಲ್ಲು ಹಾಳಾಗುತ್ತಂತೆ, ಅಗೆಯೋಕೂ ಬಿಡಲ್ಲ ಅವರು. ನಾಳೆ ಬೆಳಿಗ್ಗೆಯೊಳಗೆ ನೀರು ಬಿಡದಿದ್ರೆ ನನ್ನ ಕೆಲಸ ಹೋಗುತ್ತೆ, ಮನೆ ಹೋಗುತ್ತೆ. ನಿಮ್ಮ ಕೈಲಿ ಬೆಳೆದವನು ನಾನು."

"ಹೇಳ್ತೀನಿ" ಎಂದಳು ತೂಬಕ್ಕ. "ಈಗಲೇ ಎದ್ದು ಬರ್ತೀನಿ. ಹನ್ನೆರಡೂ ನಾನೇ ಮುಚ್ಚಿಕೊಡ್ತೀನಿ. ಅದಕ್ಕೆ ಮುಂಚೆ ನೀನು ನನ್ನ ಜೊತೆ ಆ ಗಾಜಿನ ಬಾಗಿಲಿಗೆ ಬಾ. ಅಣ್ಣ ಪೈಪು ಹೂತ, ನಾನು ಅಂಟು ಹಚ್ಚಿದೆ, ಕೇಳಿಯೇ ಹಾಕ್ಕೊಂಡಿದ್ದು, ಕದ್ದಿದ್ದಲ್ಲ ಅಂತ ಹೇಳು. ಇಷ್ಟೇ ಮಾತು."

ಅವನು ಕೆಳಗೆ ನೋಡಿದ. ಗೇಟಿನ ಪಕ್ಕದ ಹೊಸ ಮನೆಯ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು; ಅಷ್ಟು ದೂರದಿಂದ ಸದ್ದು ಕೇಳಿಸಲಿಲ್ಲ, ಆಡುವ ನೆರಳು ಮಾತ್ರ ಕಂಡಿತು.

"ಇಲ್ಲ ಅಂದ್ಬಿಟ್ಟಿದೀನಲ್ಲ ಅತ್ತಿಗೆ" ಎಂದ ಕೊನೆಗೆ. "ಈಗ ಇದೆ ಅಂದ್ರೆ ನನ್ನನ್ನ ಏನಂದ್ಕೋತಾರೆ?"

ಪಕ್ಕದ ಮನೆಯೊಳಗಿನಿಂದ ಮಗು ಒಮ್ಮೆ ಕುಂಯ್‌ಗುಟ್ಟಿ ನಿಲ್ಲಿಸಿತು. ಆಗ ಅವನು ಕೊಡದ ಕಡೆ ನೋಡಿದ, ಕಟ್ಟೆಯ ಮೇಲಿನ ಸಾಲನ್ನು ನೋಡಿದ, ತನ್ನ ಕೈಯಲ್ಲಿದ್ದ ಲೋಟವನ್ನು ನೋಡಿದ. ಅದರಲ್ಲಿ ಅರ್ಧ ಉಳಿದಿತ್ತು. ಕುಡಿಯಲೂ ಆಗದೆ ಇಳಿಸಲೂ ಆಗದೆ ಹಿಡಿದು ನಿಂತ.

ತೂಬಕ್ಕ ಎದ್ದು ಹೋಗಿ ಲೋಟವನ್ನು ಅವನ ಬೆರಳುಗಳಿಂದ ಬಿಡಿಸಿಕೊಂಡಳು. ತುಳುಕದಂತೆ ಅಂಗೈ ಮುಚ್ಚಿ ಬಾಯಮ್ಮನಿಗೆ ಕೊಟ್ಟಳು. ಬಾಯಮ್ಮ ಅದನ್ನು ತನ್ನ ಮನೆಗೆ, ಬಾಣಂತಿಯ ಬಳಿಗೆ ಒಯ್ದಳು.

"ಅರ್ಧ ಲೋಟ ಕುಡಿದಿದೀಯ" ಎಂದಳು ತೂಬಕ್ಕ. "ಹಿಂದಿನ ಋಣಾನೆಲ್ಲ ನಾನು ಬಿಟ್ಟಿದೀನಿ. ಇದು ನಿನ್ನ ಮೇಲಿರಲಿ."

ಕೊಡವನ್ನು ಹೊರಗೆ ತಂದು, ಉಳಿದ ಇಪ್ಪತ್ಮೂರರ ಪಕ್ಕದಲ್ಲಿ ಬೋರಲು ಹಾಕಿದಳು. ಕೆಳಗೆ ಕತ್ತಲಾದ ಮೈದಾನದಲ್ಲಿ ಪಂಪು ಇನ್ನೂ ಓಡುತ್ತಿತ್ತು. ಹನ್ನೆರಡು ಜೋನುಗಳೂ ತೆರೆದೇ ಇದ್ದವು.